ಪ್ಯಾರಮಟ್ಟಾದಲ್ಲಿ ಕೂತು ಅಮೆರಿಕದ ಮತ ಕೇಳಿದ್ದು

ಅಪರಿಚಿತರಿಗೆ ಫೋನ್ ಮಾಡಿ ಅವರ ಊಟದ ಹೊತ್ತು ಕೆಡಿಸುವುದಕ್ಕೆ ನನಗೆ ವರ್ಷಗಟ್ಟಲೆ ಸಂಬಳ ಕೊಟ್ಟರು. ಕೆಲಸದ ಹೆಸರು ಮಾತ್ರ ಗಂಭೀರವಾಗಿತ್ತು: ಸಾರ್ವಜನಿಕ ಅಭಿಪ್ರಾಯ ಸಂಶೋಧನೆ. ಮೆಲ್ಬರ್ನಿನ ವಿಂಡಮ್ ವೇಲ್‌ನಲ್ಲಿ ನಮ್ಮ ಪಕ್ಕದ ಬೀದಿಯ ಅನುಷಾ ಈಚೆಗೆ ಅಂಥದೇ ಒಂದು ಕಚೇರಿಗೆ ಸೇರಿದ್ದಾಳೆ. "ಆಂಟಿ, ನಿಮ್ ಟೈಮಲ್ಲಿ ಡೇಟಾ ಹೇಗೆ ಕಲೆಕ್ಟ್ ಮಾಡ್ತಿದ್ರಿ?" ಎಂದು ಕೇಳಿದಳು. "ಬೈಸ್ಕೊಂಡು" ಎಂದೆ. ತಮಾಷೆ ಎಂದುಕೊಂಡು ನಕ್ಕಳು. ಅವಳಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಯಾವಾಗ ಏನಾದೆ, ಯಾವ ಕುರ್ಚಿಯಿಂದ ಯಾವ ಕುರ್ಚಿಗೆ ಹೋದೆ ಎಂಬುದು ಬೇಡ. ಕುರ್ಚಿಗಳೆಲ್ಲ ಒಂದೇ ಥರ ಕಿರುಗುಟ್ಟುತ್ತಿದ್ದವು.

ಮೈಸೂರಿನಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್‌ಸಿ. ಮುಗಿಸಿದ್ದವಳು ನಾನು. ನಮ್ಮವರಿಗೆ ಸಿಡ್ನಿಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಬಂದೆವು. ನನ್ನ ಪದವಿ ನೋಡಿ ಅದೇ ಊರಿನ ಪ್ಯಾರಮಟ್ಟಾ ಬಡಾವಣೆಯ ಸಮೀಕ್ಷೆ ಕಂಪನಿಯೊಂದು ನನ್ನನ್ನು ತಕ್ಷಣ ತೆಗೆದುಕೊಂಡಿತು. ಮೊದಲ ದಿನ ಒಂದು ಪೆನ್ಸಿಲ್, ಒಂದು ಕಟ್ಟು ಫಾರಂ, ಒಂದು ಫೋನ್ ಕೊಟ್ಟು, ಬ್ರೆಡ್ಡಿಗೆ ಜನ ಏನು ಹಚ್ಚುತ್ತಾರೆಂದು ಕೇಳಲು ಹೇಳಿದರು. ನಾಲ್ಕು ಬ್ರ್ಯಾಂಡುಗಳ ಹೆಸರು ಓದಬೇಕು, ಯಾವುದು ಇಷ್ಟ ಎಂದು ಗುರುತು ಹಾಕಬೇಕು. ಒಂದು ವಾರ ಶ್ರದ್ಧೆಯಿಂದ ಮಾಡಿದೆ. ಪಟ್ಟಿಯ ಮೊದಲ ಬ್ರ್ಯಾಂಡ್ ಭರ್ಜರಿಯಾಗಿ ಗೆದ್ದಿತು. ಆಮೇಲೆ ಪಕ್ಕದವಳು ನನ್ನ ಫಾರಂ ನೋಡಿ, "ವಿಮಲಾ, ಹೆಸರುಗಳನ್ನ ಪ್ರತಿ ಸಲ ಹಿಂದುಮುಂದು ಮಾಡಿ ಓದಬೇಕು ಅಂತ ಯಾರೂ ಹೇಳಲಿಲ್ವಾ?" ಎಂದು ಕೇಳಿದಳು. ಮೊದಲು ಕಿವಿಗೆ ಬಿದ್ದದ್ದನ್ನೇ ಜನ ಹೇಳಿಬಿಡುತ್ತಾರೆ; ಬೇಗ ಫೋನ್ ಇಡಬೇಕಲ್ಲ. ನಾನು ಓದಿದ ಎಂ.ಎಸ್‌ಸಿ.ಯಲ್ಲಿ ಇದು ಎಲ್ಲೂ ಇರಲಿಲ್ಲ. ಆ ಬ್ರ್ಯಾಂಡಿನವರು ನಮ್ಮ ವರದಿ ನಂಬಿ ಏನು ಮಾಡಿದರೋ ಗೊತ್ತಿಲ್ಲ. ಇವತ್ತಿಗೂ ಸೂಪರ್‌ಮಾರ್ಕೆಟ್ಟಿನಲ್ಲಿ ಆ ಡಬ್ಬಿ ಕಂಡರೆ ಮುಖ ತಿರುಗಿಸುತ್ತೇನೆ.

ಪೆನ್ಸಿಲ್ ಹೋಗಿ ಕಂಪ್ಯೂಟರ್ ಬಂತು. ಹೆಸರುಗಳನ್ನು ಹಿಂದುಮುಂದು ಮಾಡುವ ಕೆಲಸ ಅದಕ್ಕೇ ಹೋಯಿತು. ನಂಬರನ್ನೂ ಅದೇ ಒತ್ತುತ್ತಿತ್ತು, ಪ್ರಶ್ನೆಯನ್ನೂ ಅದೇ ತೋರಿಸುತ್ತಿತ್ತು, ಉತ್ತರ ಸರಿ ಇಲ್ಲದಿದ್ದರೆ ಕಾಲ್ ಅನ್ನೂ ಅದೇ ಮುಗಿಸುತ್ತಿತ್ತು. ಬೈಸಿಕೊಳ್ಳುವ ಕೆಲಸವೊಂದೇ ನಮಗೆ ಉಳಿಯಿತು.

ಕೆಲವು ವರ್ಷಗಳಾದ ಮೇಲೆ ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ಬಂತು. ಅಲ್ಲಿ ಅಸಲು ಚುನಾವಣೆಗೆ ಮುಂಚೆ ಪಕ್ಷದೊಳಗೇ ಒಂದು ಚುನಾವಣೆ ನಡೆಯುತ್ತದೆ. ಪಕ್ಷದ ಪರವಾಗಿ ಯಾರು ನಿಲ್ಲಬೇಕೆಂದು ರಾಜ್ಯದಿಂದ ರಾಜ್ಯಕ್ಕೆ ಸಾಮಾನ್ಯ ಮತದಾರರೇ ಮತ ಹಾಕಿ ತೀರ್ಮಾನಿಸುತ್ತಾರೆ. ಅದೇ ಪ್ರೈಮರಿ. ಒಂದು ಪಕ್ಷದ ಪ್ರೈಮರಿಯಲ್ಲಿ ಯಾರ ಬೆಂಬಲ ಏರುತ್ತಿದೆ, ಯಾರದು ಇಳಿಯುತ್ತಿದೆ ಎಂದು ದಿನದಿನವೂ ಅಳೆಯುವ ಗುತ್ತಿಗೆಯನ್ನು ಅಮೆರಿಕದ ಕಂಪನಿಯೊಂದು ನಮಗೆ ಕೊಟ್ಟಿತು. ಕಾರಣ ನಮ್ಮ ಜಾಣತನವಲ್ಲ, ಗಡಿಯಾರ. ಅವರ ಸಂಜೆ ನಮಗೆ ಮಾರನೆಯ ಬೆಳಿಗ್ಗೆ. ಅಲ್ಲಿ ಸಂಜೆಯ ಪಾಳಿಗೆ ಜನ ಸಿಗುವುದು ಕಷ್ಟ. ಇಲ್ಲಿ ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಒಂಬತ್ತಕ್ಕೆ ಬಂದು ಕೂರುವ ಹೆಂಗಸರು ಬೇಕಾದಷ್ಟು. ಅವರ ಮೇಲ್ವಿಚಾರಣೆ ನನ್ನದು. ನನ್ನ ಮೇಲೆ ಗ್ರೆಗ್. ಸಿಡ್ನಿಯಲ್ಲೇ ಹುಟ್ಟಿ ಬೆಳೆದ, ಬಿಳಿ ಶರ್ಟಿನ ತೋಳು ಮಡಚಿಕೊಂಡೇ ಇರುತ್ತಿದ್ದ, ಯಾವ ಸಂಖ್ಯೆ ನೋಡಿದರೂ "ಇಂಟರೆಸ್ಟಿಂಗ್" ಅನ್ನುತ್ತಿದ್ದ ಮನುಷ್ಯ.

ಮೊದಲ ವಾರ ನಾನೇ ಮಾಡಿದ ಒಂದು ಕಾಲ್ ನೆನಪಿದೆ. ಮುದುಕರೊಬ್ಬರು, "ಎಲ್ಲಿಂದಮ್ಮ ಮಾತಾಡ್ತಿದ್ದೀಯ?" ಎಂದು ಕೇಳಿದರು. ಸುಳ್ಳು ಹೇಳುವಂತಿರಲಿಲ್ಲ. ಆಸ್ಟ್ರೇಲಿಯಾ ಎಂದೆ.

"ಅಲ್ಲಿ ಈಗ ಎಷ್ಟು ಗಂಟೆ?"

"ಬೆಳಿಗ್ಗೆ ಹತ್ತು. ಇಲ್ಲಿ ಆಗಲೇ ನಾಳೆ."

"ನಾಳೆಯಾ? ಹಾಗಾದರೆ ಯಾರು ಗೆದ್ದರು ಅಂತ ನೀನೇ ಹೇಳು. ನನ್ನನ್ನ ಯಾಕೆ ಕೇಳ್ತೀಯ?"

ಪಕ್ಷದಲ್ಲಿ ಮುಖ್ಯವಾಗಿ ಮೂವರು ಪೈಪೋಟಿಯಲ್ಲಿದ್ದರು. ಹೆಸರು ಈಗ ಬೇಡ. ಒಬ್ಬರು ಎಲ್ಲರಿಗೂ ಗೊತ್ತಿದ್ದ ಹಿರಿಯರು. ಅವರೇ ಗೆಲ್ಲುತ್ತಾರೆ ಎಂದು ಪತ್ರಿಕೆಗಳು ಮೊದಲೇ ಬರೆದು ಮುಗಿಸಿದ್ದವು. ಇನ್ನೊಬ್ಬರು ಹೊಸಬರು. ಮೂರನೆಯವರು ಯಾವಾಗಲೂ ಮೂರನೆಯವರಾಗಿಯೇ ಇದ್ದರು. ಮೊದಲು ಮತ ಹಾಕಬೇಕಾಗಿದ್ದದ್ದು ಒಂದು ಸಣ್ಣ, ಚಳಿಯ ರಾಜ್ಯ.

ಈ ಕೆಲಸದಲ್ಲಿ ನಮಗೆ ಗೊತ್ತಿಲ್ಲದ ಒಂದು ಪ್ರಶ್ನೆ ಬಂತು. ಆಸ್ಟ್ರೇಲಿಯಾದಲ್ಲಿ ಮತ ಹಾಕುವುದು ಕಡ್ಡಾಯ, ಹಾಕದಿದ್ದರೆ ದಂಡ. ಆದ್ದರಿಂದ ಇಲ್ಲಿಯ ಸಮೀಕ್ಷೆಯಲ್ಲಿ "ನೀವು ಮತ ಹಾಕುತ್ತೀರಾ?" ಎಂದು ಯಾರನ್ನೂ ಕೇಳುವುದಿಲ್ಲ. ಅಮೆರಿಕದಲ್ಲಿ ಅದೇ ದೊಡ್ಡ ಪ್ರಶ್ನೆ. ಮನಸ್ಸಿನಲ್ಲಿ ಬೆಂಬಲವಿದ್ದರೂ ಸೋಫಾದಿಂದ ಏಳದವರು ಲೆಕ್ಕಕ್ಕಿಲ್ಲ. ಏಳುವವರು ಯಾರು ಎಂದು ಪತ್ತೆ ಮಾಡಲು ಗ್ರೆಗ್ ಒಂದು ಸುಲಭ ನಿಯಮ ಮಾಡಿದ: ಹಿಂದಿನ ಪ್ರೈಮರಿಯಲ್ಲಿ ಮತ ಹಾಕಿದ್ದೀರಾ ಎಂದು ಕೇಳುವುದು. ಇಲ್ಲ ಎಂದರೆ ಥ್ಯಾಂಕ್ಸ್ ಹೇಳಿ ಫೋನ್ ಇಡುವುದು. ನಾನು ತಲೆಯಾಡಿಸಿದೆ. ನನಗೂ ಅದು ಬಹಳ ಶಾಸ್ತ್ರೀಯವಾಗಿ ಕಂಡಿತು.

ನಮ್ಮ ಕೋಣೆಯಲ್ಲಿ ಶಕುಂತಲಾ ಪಾಟೀಲ ಎಂಬಾಕೆ ಇದ್ದರು. ನಲವತ್ತು ದಾಟಿದ್ದರು. ಧಾರವಾಡದ ಹೈಸ್ಕೂಲಿನಲ್ಲಿ ಹನ್ನೆರಡು ವರ್ಷ ಗಣಿತ ಕಲಿಸಿದ್ದವರು. ಇಲ್ಲಿ ಅವರ ಬಿ.ಎಡ್.ಗೆ ಬೆಲೆ ಸಿಗಲು ಇನ್ನೂ ಕೆಲವು ಪರೀಕ್ಷೆ ಬಾಕಿ ಇದ್ದವು. ಗಂಡನಿಗೆ ವೇರ್‌ಹೌಸಿನಲ್ಲಿ ಕೆಲಸ. ಪಿಆರ್, ಅಂದರೆ ಖಾಯಂ ವಾಸದ ಅನುಮತಿ, ಆಗಿತ್ತು; ಸಿಟಿಜನ್ ಆಗಿರಲಿಲ್ಲ. ಆದ್ದರಿಂದ ಇಲ್ಲಿ ಮತವಿಲ್ಲ. ದೂರದಲ್ಲಿದ್ದ ಕಾರಣ ಭಾರತದಲ್ಲಿಯೂ ಹಾಕುವಂತಿರಲಿಲ್ಲ. ಎಲ್ಲೂ ಮತ ಹಾಕಲಾಗದ ಈ ಹೆಂಗಸು ದಿನಕ್ಕೆ ನಾಲ್ಕು ಗಂಟೆ ಅಮೆರಿಕದವರನ್ನು ಯಾರಿಗೆ ಹಾಕುತ್ತೀರಿ ಎಂದು ಕೇಳುತ್ತಿದ್ದರು. ಅವರ ಇಂಗ್ಲಿಷಿನಲ್ಲಿ ಧಾರವಾಡ ಪೂರ್ತಿ ಇತ್ತು. ಆದರೂ ಅವರ ಮಾತಿನ ನಡುವೆ ಫೋನ್ ಇಟ್ಟುಬಿಡುವವರು ಕಡಿಮೆ. ಪಾಠ ಹೇಳುವವರಿಗೆ ಇರುವ ತಾಳ್ಮೆ ಅದು; ಉತ್ತರ ಬರುವ ತನಕ ಸುಮ್ಮನಿರುತ್ತಿದ್ದರು.

ಅವರ ಹಾಳೆಯಲ್ಲಿ ಒಂದು ವಿಚಿತ್ರ ಕಾಣಿಸಿತು. ಉಳಿದವರೆಲ್ಲರ ಕಾಲ್‌ಗಳಲ್ಲಿ ಹಿರಿಯರು ಮುಂದೆ. ಶಕುಂತಲಾರ ಕಾಲ್‌ಗಳಲ್ಲಿ ಮಾತ್ರ ಹೊಸಬರು ಮುಂದೆ. ಒಂದು ದಿನ ಹಾಗಾದರೆ ಆಕಸ್ಮಿಕ. ಎರಡು ದಿನವಾದರೂ ಇರಲಿ ಎನ್ನಬಹುದು. ಎಂಟು ದಿನ ಒಂದೇ ಸಮ ಹಾಗೆಯೇ ಬಂತು. ಯಂತ್ರ ಯಾರಿಗೆ ಯಾವ ನಂಬರ್ ಕೊಡುತ್ತದೆ ಎಂಬುದಕ್ಕೆ ಗೊತ್ತುಗುರಿ ಇಲ್ಲ. ಆದ್ದರಿಂದ ಹೊಸಬರ ಬೆಂಬಲಿಗರೆಲ್ಲ ಈಕೆಗೇ ಸಿಗಲು ಸಾಧ್ಯವಿಲ್ಲ. ನಮ್ಮ ವೃತ್ತಿಯಲ್ಲಿ ಇಂಥದಕ್ಕೆ ಸಾಮಾನ್ಯವಾಗಿ ಒಂದೇ ಅರ್ಥ: ಕರೆಯನ್ನೇ ಮಾಡದೆ ಉತ್ತರ ಬರೆದುಕೊಳ್ಳುವುದು.

ನಾನು ಹೆಡ್‌ಫೋನ್ ಹಾಕಿಕೊಂಡು, ಅವರಿಗೆ ತಿಳಿಯದಂತೆ ಅವರ ಕಾಲ್ ಕೇಳಿದೆ. ಕರೆ ನಿಜವೇ ಆಗಿತ್ತು. ಆ ಕಡೆ ಒಬ್ಬಳು ಎಳೆಯ ದನಿಯವಳು, ನರ್ಸಿಂಗ್ ಓದುತ್ತಿದ್ದವಳು. ಹಿಂದಿನ ಪ್ರೈಮರಿಯಲ್ಲಿ ಮತ ಹಾಕಿರಲಿಲ್ಲ, ವಯಸ್ಸೇ ಆಗಿರಲಿಲ್ಲ. ಈ ಸಲ ಹಾಸ್ಟೆಲಿನವರೆಲ್ಲ ಸೇರಿ ಒಂದೇ ವ್ಯಾನಿನಲ್ಲಿ ಹೋಗುತ್ತೇವೆ ಎಂದು ಹೇಳುತ್ತಿದ್ದಳು. ನಿಯಮದ ಪ್ರಕಾರ ಶಕುಂತಲಾ "ಇಲ್ಲ" ಎಂಬ ಗುಂಡಿ ಒತ್ತಬೇಕಿತ್ತು. ನನ್ನ ಪರದೆಯ ಮೇಲೆ ಅವರು ಒತ್ತಿದ್ದು ಕಾಣಿಸಿತು: "ಹೌದು."

ಟೀ ರೂಮಿಗೆ ಕರೆದೆ.

"ಶಕುಂತಲಾ ಅವರೇ, ಹೋದ ಸಲ ವೋಟ್ ಹಾಕಿಲ್ಲ ಅಂದ್ರೆ ಕಾಲ್ ಮುಗಿಸಬೇಕು ಅಂತ ಗೊತ್ತಲ್ವಾ?"

"ಗೊತ್ತೈತ್ರೀ ಮೇಡಂ."

"ಮತ್ತೆ ಹೌದು ಅಂತ ಯಾಕೆ ಒತ್ತಿದ್ರಿ?"

"ಇಲ್ಲಂತ ಒತ್ತಿದ್ರ ಕಂಪ್ಯೂಟರ್ ಕಾಲ್ ಮುಗಸ್ತೈತ್ರೀ. ಆಕಿ ಮಾತ ಇನ್ನೂ ಮುಗಿದಿದ್ದಿಲ್ಲ."

"ಅದು ಸುಳ್ಳು ಡೇಟಾ ಆಗುತ್ತೆ."

"ಹೋದ ಸಲದ್ದು ಸುಳ್ಳ ಆಗಬಹುದ್ರೀ. ಈ ಸಲದ್ದು ಖರೇ ಐತಿ. ನಾವು ಕೇಳೂದು ಈ ಸಲದ್ದಲ್ಲೇನ್ರೀ?"

ಉತ್ತರವಿಲ್ಲದಾಗ ಅಧಿಕಾರಿಗಳು ಮಾಡುವುದನ್ನೇ ಮಾಡಿದೆ: ವರದಿ ಬರೆದೆ. "ನಿಯಮ ಉಲ್ಲಂಘಿಸಿ ತಪ್ಪು ಮಾಹಿತಿ ದಾಖಲಿಸಿದ್ದಾರೆ" ಎಂದು ಬರೆದು ಸಹಿ ಹಾಕಿದೆ. ಈ ಸಲದ್ದು ನಿಜ ಎಂದು ಅವರು ಹೇಳಿದ ಮಾತನ್ನು ಬರೆಯಲಿಲ್ಲ. ಗ್ರೆಗ್ ಓದಿ "ಇಂಟರೆಸ್ಟಿಂಗ್" ಎಂದು ಅವರ ಎಂಟು ದಿನದ ಕಾಲ್‌ಗಳನ್ನೆಲ್ಲ ಲೆಕ್ಕದಿಂದ ತೆಗೆಸಿದ. ನಮ್ಮಲ್ಲಿ ಯಾರನ್ನೂ ಕೆಲಸದಿಂದ ತೆಗೆಯುತ್ತಿರಲಿಲ್ಲ. ಮುಂದಿನ ವಾರದ ಪಟ್ಟಿಯಲ್ಲಿ ಹೆಸರಿರುತ್ತಿರಲಿಲ್ಲ, ಅಷ್ಟೆ. ಗೋಡೆಯ ಮೇಲೆ ಪಟ್ಟಿ ಅಂಟಿಸಿದವಳು ನಾನೇ. ಶಕುಂತಲಾ ಅದನ್ನು ಮೇಲಿನಿಂದ ಕೆಳಗೆ ಎರಡು ಸಲ ಓದಿದರು. ಮೇಜಿನ ಮೇಲಿದ್ದ ತಮ್ಮ ನೀರಿನ ಬಾಟಲಿ ಎತ್ತಿಕೊಂಡು, "ಬರ್ತೇನ್ರೀ ಮೇಡಂ" ಎಂದು ಹೇಳಿ ಹೋದರು. ಕೋಪದಿಂದ ಹೇಳಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಮತದಾನವಾಯಿತು. ಫಲಿತಾಂಶ ಬಂದಾಗ ನಮಗೆ ಮಧ್ಯಾಹ್ನ. ಎಲ್ಲರೂ ಟೀವಿ ಮುಂದೆ ನಿಂತಿದ್ದೆವು. ಎಂದೂ ಮತ ಹಾಕದವರು ಸಾಲುಸಾಲಾಗಿ ಬಂದು ನಿಂತಿದ್ದಾರೆ ಎಂದು ಅಲ್ಲಿಯ ವರದಿಗಾರ ಕೂಗುತ್ತಿದ್ದ. ಹೊಸಬರು ಗೆದ್ದರು, ಅದೂ ಸುಮ್ಮನೆ ಅಲ್ಲ. ನಾವು ಗಿರಾಕಿಗೆ ಕಳುಹಿಸಿದ್ದ ಕೊನೆಯ ವರದಿಯಲ್ಲಿ ಹಿರಿಯರು ಆರಾಮಾಗಿ ಗೆದ್ದಿದ್ದರು.

ಗ್ರೆಗ್ ನನ್ನನ್ನು ಕರೆದ. ಬಾಗಿಲು ಹಾಕಿದ.

"ಆ ಹೆಂಗಸಿನ ಕಾಲ್‌ಗಳನ್ನ ಅಳಿಸಿಬಿಟ್ಟೆಯಾ?"

"ಇಲ್ಲ. ಬೇರೆ ಫೈಲಿನಲ್ಲಿವೆ."

"ದೇವರು ದೊಡ್ಡವನು" ಎಂದ. ಅವನ ಬಾಯಲ್ಲಿ ದೇವರ ಹೆಸರು ಕೇಳಿದ್ದು ಅದೇ ಮೊದಲು.

ಸಂಜೆಯೊಳಗೆ ಆ ಫೈಲಿನಿಂದ ಒಂದು ಚಂದದ ನಕ್ಷೆ ತಯಾರಾಯಿತು. ಹೊಸಬರ ಗೆರೆ ದಿನದಿನಕ್ಕೂ ಏರುತ್ತಿತ್ತು. ಮೇಲೆ ತಲೆಬರಹ: ನಮ್ಮ ಆಂತರಿಕ ಮುನ್ಸೂಚನೆ. ನಕ್ಷೆ ಬಿಡಿಸಿದವಳೂ ನಾನೇ, ಇದನ್ನು ಮುಚ್ಚಿಟ್ಟುಕೊಳ್ಳುವುದಿಲ್ಲ. ಹೊಸ ಮತದಾರರನ್ನೂ ಸೇರಿಸಿಕೊಳ್ಳುವ ವಿಧಾನವೊಂದನ್ನು ತಾನು ಗುಟ್ಟಾಗಿ ಪರೀಕ್ಷಿಸುತ್ತಿದ್ದೆ ಎಂದು ಗ್ರೆಗ್ ಗಿರಾಕಿಗೆ ಬರೆದ. ಗಿರಾಕಿಗೆ ಬಹಳ ಸಂತೋಷವಾಯಿತು. ಮುಂದಿನ ರಾಜ್ಯದಲ್ಲಿ ಆ ವಿಧಾನವನ್ನೇ ಬಳಸಿ ಎಂದಿತು. ಮತದಾನಕ್ಕೆ ಒಂದು ವಾರವೂ ಉಳಿದಿರಲಿಲ್ಲ.

"ಅವಳನ್ನ ವಾಪಸ್ ಕರಿ" ಎಂದ ಗ್ರೆಗ್.

ಫೋನ್ ಮಾಡಲು ನಾಚಿಕೆಯಾಯಿತು. ಅದು ನನ್ನ ವೃತ್ತಿಯೇ ಆಗಿದ್ದರೂ. ನಡೆದುಕೊಂಡೇ ಅವರ ಫ್ಲ್ಯಾಟಿಗೆ ಹೋದೆ, ಸ್ಟೇಷನ್ನಿನ ಆಚೆ ಬದಿ. ಅವರು ಜೋಳದ ರೊಟ್ಟಿ ಬಡಿಯುತ್ತಿದ್ದರು. ಹಿಟ್ಟಿನ ಕೈಯಲ್ಲೇ ಬಾಗಿಲು ತೆಗೆದರು.

"ಬರ್ರೀ ಮೇಡಂ, ಒಳಗ ಕುಂದ್ರಿ. ಚಾ ಮಾಡ್ತೇನಿ."

"ಟೀ ಬೇಡ. ನೀವು ವಾಪಸ್ ಬರಬೇಕು. ನಾನು ಬರೆದದ್ದು ತಪ್ಪಾಯ್ತು."

ರೊಟ್ಟಿ ತಿರುವಿ ಹಾಕಿ, ಅಂಚಿಗೆ ಬಟ್ಟೆಯಿಂದ ಒತ್ತಿದರು. "ಏನ್ ಬರದಿದ್ರಿ?"

ಹೇಳಿದೆ. ಒಂದಕ್ಷರ ಬಿಡದೆ ಹೇಳಿದೆ.

"ಅದ್ರಾಗ ತಪ್ಪೇನೈತ್ರೀ? ನಾ ಗುಂಡಿ ತಪ್ಪ ಒತ್ತಿದ್ದು ಖರೇನ ಐತಿ. ಆದ್ರ ಮಂದಿ ಮಾತ ನಾ ತಪ್ಪ ಬರದಿಲ್ಲ. ಅದನ್ನ ಬಿಟ್ಟೀರಿ ನೀವು. ಹನ್ನೆರಡ ವರ್ಷ ಹುಡುಗೂರ್ಗೆ ಕಾಪಿ ಹೊಡೀಬ್ಯಾಡ್ರಿ ಅಂತ ಹೇಳ್ದಾಕಿ ನಾನು. ಇಲ್ಲಿ ಬಂದು ಸುಳ್ಳ ಬರದು ಮನಿಗೆ ಹೋದ್ಲು ಅಂತ ಆತು."

"ಈಗ ಏನು ಮಾಡ್ಲಿ?"

"ಎರಡೂ ಬರೀರಿ. ಸಹಿ ಮಾಡಿಸಿ ಕೊಡ್ರಿ. ನಾಳೆ ಬರ್ತೇನಿ."

ಎರಡನ್ನೂ ಬರೆದೆ. ಗ್ರೆಗ್ ಓದದೆ ಸಹಿ ಹಾಕಿದ. ಓದದೆ ಸಹಿ ಹಾಕುವ ಮೇಲಧಿಕಾರಿಗಳಿಂದಲೇ ನನ್ನ ವೃತ್ತಿಜೀವನದ ಅನೇಕ ಒಳ್ಳೆಯ ಕೆಲಸಗಳು ನಡೆದಿವೆ. ಶಕುಂತಲಾ ಆ ಕಾಗದವನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡು ತಮ್ಮ ಜಾಗದಲ್ಲಿ ಕೂತರು.

ಎರಡನೆಯ ರಾಜ್ಯದಲ್ಲಿ "ಹೋಗಿ ಹಾಕುತ್ತೇನೆ" ಎಂದವರೆಲ್ಲ ಲೆಕ್ಕಕ್ಕೆ ಬಂದರು. ಗೆದ್ದವರ ಕಡೆಗೆ ಜನ ಹರಿದರು. ಮೂರನೆಯವರ ಬೆಂಬಲಿಗರಲ್ಲೂ ಹಲವರು ಅಲ್ಲಿಗೇ ಹೋದರು. ಹೊಸಬರ ಗೆರೆ ಎಷ್ಟು ಮೇಲಕ್ಕೆ ಹೋಯಿತೆಂದರೆ ನಕ್ಷೆಯ ಹಾಳೆಯನ್ನೇ ಉದ್ದ ಮಾಡಬೇಕಾಯಿತು. ಉಳಿದ ಕಂಪನಿಗಳ ಸಮೀಕ್ಷೆಗಳೂ ಅದನ್ನೇ ಹೇಳುತ್ತಿದ್ದವು. ಹೀಗಾಗಿ ಗಿರಾಕಿ ಭಾನುವಾರಕ್ಕೇ ಕರೆ ನಿಲ್ಲಿಸಿಬಿಡಿ ಎಂದಿತು. ಮತದಾನ ಅವರ ಮಂಗಳವಾರ.

ಕೊನೆಯ ಪಾಳಿ ಮುಗಿದ ಮೇಲೆ ಶಕುಂತಲಾ ನನ್ನ ಮೇಜಿನ ಹತ್ತಿರ ಬಂದರು.

"ಮೇಡಂ, ಇವತ್ತ ಏನೋ ಬ್ಯಾರೆ ಆಗೇತ್ರೀ. ವಯಸ್ಸಾದ ಹೆಣ್ಣಮಕ್ಳು ಹೊಸಬ್ರ ಹೆಸರು ಹೇಳ್ತಾರ, ಆದ್ರ ಹೇಳೂಕಿಂತ ಮೊದ್ಲು ನಿಲ್ತಾರ. ಮೊನ್ನೆ ನಿಲ್ತಿದ್ದಿಲ್ಲ."

"ನಿಲ್ಲೋದಕ್ಕೆ ಗುಂಡಿ ಇಲ್ವಲ್ಲ ಶಕುಂತಲಾ."

"ಅದಕ್ಕ ನಿಮಗ ಹೇಳಾಕ ಬಂದೇನಿ."

ಈ ಸಲ ನಾನು ವರದಿ ಬರೆಯಲಿಲ್ಲ. ಗ್ರೆಗ್‌ನ ಬಳಿ ಹೋಗಿ ಇನ್ನೊಂದೇ ಒಂದು ಬೆಳಿಗ್ಗೆ ಕರೆ ಮಾಡೋಣ ಎಂದು ಕೇಳಿದೆ. "ಗೆಲ್ಲುವವರು ಯಾರು ಅಂತ ಗೊತ್ತಾದ ಮೇಲೆ ಕೇಳುವುದು ಯಾಕೆ?" ಎಂದು ಅವನು ಗಾಲ್ಫಿಗೆ ಹೊರಟ. ಆದರೆ ಅರ್ಧ ಮಾತಾಡಿ, ಒಲೆಯ ಮೇಲೆ ಏನೋ ಇದೆ, ಸೋಮವಾರ ಮಾಡಿ ಎಂದಿದ್ದವರ ಒಂದು ಪಟ್ಟಿ ಉಳಿದಿತ್ತು. ಕೊಟ್ಟ ಮಾತಿನ ಕರೆ ಮಾಡಲೇಬೇಕೆಂದು ಕಂಪನಿಯದೇ ನಿಯಮ. ಮಂಗಳವಾರ ಬೆಳಿಗ್ಗೆ, ಅಂದರೆ ಅವರ ಸೋಮವಾರ ಸಂಜೆ, ಖಾಲಿ ಕೋಣೆಯಲ್ಲಿ ನಾವಿಬ್ಬರೇ ಕೂತು ಆ ಪಟ್ಟಿ ಮುಗಿಸಿದೆವು. ಎರಡು ದಿನದ ಹಿಂದೆ ಹೊಸಬರ ಹೆಸರು ಹೇಳಿದ್ದ ಹೆಂಗಸರಲ್ಲಿ ಹಲವರು ಈಗ ಹಿರಿಯರ ಹೆಸರು ಹೇಳಿದರು. ಒಬ್ಬಾಕೆ, "ಎಲ್ಲರೂ ಸೇರಿ ಆ ಹಿರಿಯರನ್ನ ಅಷ್ಟು ಬೇಗ ಮನೆಗೆ ಕಳಿಸ್ತಿದ್ದಾರೆ ಅಂದಾಗ ನನಗೆ ಸರಿ ಕಾಣಲಿಲ್ಲ" ಎಂದಳು.

ಪಟ್ಟಿ ಸಣ್ಣದು, ಅದರ ಮೇಲೆ ಏನನ್ನೂ ಸಾಧಿಸಲಾಗದು ಎಂದು ನನ್ನೊಳಗಿನ ಎಂ.ಎಸ್‌ಸಿ. ಹೇಳಿತು. ಆದರೂ ಗ್ರೆಗ್‌ಗೆ ಎರಡು ಸಾಲಿನ ಮೇಲ್ ಕಳುಹಿಸಿದೆ: ಬೆಂಬಲ ತಿರುಗುತ್ತಿದೆ, ಗಿರಾಕಿಗೆ ತಿಳಿಸಿ. ಅವನು ಅದನ್ನು ತೆರೆಯಲಿಲ್ಲ.

ಮಾರನೆಯ ದಿನ ಹಿರಿಯರು ಗೆದ್ದರು.

ಗಿರಾಕಿಯ ಫೋನ್ ಬಂದಾಗ ನಾನು ಗ್ರೆಗ್‌ನ ಕೋಣೆಯಲ್ಲೇ ಇದ್ದೆ. ಅವನು ಸ್ಪೀಕರಿನಲ್ಲಿ ಹಾಕಿದ್ದ. "ಹೊಸ ವಿಧಾನದ ಯೋಚನೆ ನಿಮ್ಮದೇ ಅಲ್ಲವೇ?" ಎಂದು ಆ ಕಡೆಯ ಹೆಂಗಸು ಕೇಳಿದಳು. ಗ್ರೆಗ್ ಮಡಚಿದ ತೋಳನ್ನು ಇಳಿಸಿಕೊಂಡ. "ಇಲ್ಲ, ನಮ್ಮಲ್ಲಿ ಶಕುಂತಲಾ ಅಂತ ಒಬ್ಬ ಕಾಲರ್ ಇದ್ದಾಳೆ, ಅವಳ ಯೋಚನೆ" ಎಂದ. ಗೆದ್ದ ವಾರ ಅವನ ಬಾಯಿಗೆ ಬಾರದ ಹೆಸರು, ಸೋತ ದಿನ ಎಷ್ಟು ಸ್ಪಷ್ಟವಾಗಿ ಬಂತು! ಉಚ್ಚಾರಣೆಯೂ ಸರಿಯಾಗಿತ್ತು.

"ಕ್ಷಮಿಸಿ" ಎಂದು ಸ್ಪೀಕರಿನತ್ತ ಬಾಗಿ ಹೇಳಿದೆ. "ಅದೇ ಶಕುಂತಲಾ ನಿನ್ನೆ ಬೆಳಿಗ್ಗೆ ಬೆಂಬಲ ತಿರುಗಿದ್ದನ್ನೂ ಹಿಡಿದಿದ್ದರು. ಮೇಲ್ ಹೋಗಿದೆ, ಹೊತ್ತಿನ ಸಮೇತ ನಿಮಗೂ ಈಗಲೇ ಕಳುಹಿಸುತ್ತೇನೆ." ಗ್ರೆಗ್ ನನ್ನನ್ನು ನೋಡಿದ. "ಇಂಟರೆಸ್ಟಿಂಗ್" ಎನ್ನಲಿಲ್ಲ.

ಇದರಿಂದ ಯಾರಿಗೂ ಬಹುಮಾನ ಬರಲಿಲ್ಲ. ಗಿರಾಕಿ ಮೇಲ್ ಓದಿತು, ಕಾಲರ್‌ಗೆ ನಮ್ಮ ಮೆಚ್ಚುಗೆ ತಿಳಿಸಿ ಎಂದಿತು, ಗುತ್ತಿಗೆ ರದ್ದು ಮಾಡಿತು. ಮನುಷ್ಯರು ಫೋನ್ ಮಾಡಿದರೆ ಹೀಗೆ ಗೊಂದಲವಾಗುತ್ತದೆ, ಇನ್ನು ಯಂತ್ರಗಳೇ ಕೇಳಲಿ ಎಂದು ತೀರ್ಮಾನಿಸಿತು. ಪ್ಯಾರಮಟ್ಟಾದ ಕೋಣೆ ಮುಚ್ಚಿತು. ಶಕುಂತಲಾ ಬಾಕಿ ಪರೀಕ್ಷೆಗಳನ್ನು ಮುಗಿಸಿ ಪಶ್ಚಿಮ ಸಿಡ್ನಿಯ ಶಾಲೆಯೊಂದರಲ್ಲಿ ಗಣಿತ ಕಲಿಸಲು ಸೇರಿದರು. "ಇಲ್ಲಿ ಹುಡುಗೂರು ಫೋನ್ ಇಡಾಕ ಬರಂಗಿಲ್ರೀ, ಪೂರ್ತಿ ಕೇಳಬೇಕು" ಎಂದು ನಗುತ್ತಿದ್ದರು. ನನ್ನನ್ನು ಮೆಲ್ಬರ್ನಿಗೆ, ಬಾಕ್ಸ್ ಹಿಲ್‌ನ ಕಚೇರಿಗೆ ಕಳುಹಿಸಿದರು.

ಅಲ್ಲಿ ಕಾಲರ್‌ಗಳೇ ಇರಲಿಲ್ಲ. ರೆಕಾರ್ಡ್ ಮಾಡಿಟ್ಟ ದನಿಯೊಂದು ಅಮೆರಿಕದ ಇನ್ನೊಂದು ಕಂಪನಿಗಾಗಿ ಅದೇ ಪ್ರೈಮರಿಯ ಮುಂದಿನ ರಾಜ್ಯಗಳಿಗೆ ಕರೆ ಮಾಡುತ್ತಿತ್ತು: ಹಿರಿಯರಿಗಾದರೆ ಒಂದು ಒತ್ತಿ, ಹೊಸಬರಿಗಾದರೆ ಎರಡು. ಅಷ್ಟರಲ್ಲಿ ಮೂರನೆಯವರು ಕಣ ಬಿಟ್ಟಿದ್ದರು. ಅಂಕಿ ಒತ್ತದೆ ಹಾಳಾದ ಕರೆಗಳ ಧ್ವನಿಮುದ್ರಣ ಕೇಳಿ, ಯಂತ್ರದ ದೋಷವೋ ಜನರ ದೋಷವೋ ಎಂದು ಗುರುತಿಸುವುದು ನನ್ನ ಕೆಲಸ. ಒಂದು ಬೆಳಿಗ್ಗೆ ಅಂಥದೊಂದರಲ್ಲಿ ವಯಸ್ಸಾದ ಗಂಡಸೊಬ್ಬರು ಸಿಕ್ಕರು. ಅವರು ಯಾವ ಅಂಕಿಯನ್ನೂ ಒತ್ತಿರಲಿಲ್ಲ. ಮಾತಾಡಿದ್ದರು. ಮೊದಲು ಹಿರಿಯರ ಕಡೆಗಿದ್ದೆ, ಮಗಳು ಹೇಳಿದ್ದಕ್ಕೆ ಹೊಸಬರ ಭಾಷಣ ಕೇಳಿದೆ, ಮನಸ್ಸು ಅಲ್ಲಾಡಿತು, ಹೆಂಡತಿಗೆ ಇನ್ನೂ ಹೇಳಿಲ್ಲ, ನಲವತ್ತು ವರ್ಷ ಇಬ್ಬರೂ ಒಬ್ಬರಿಗೇ ಹಾಕಿದ್ದೇವೆ, ಈ ಸಲ ಏನು ಮಾಡುವುದೋ ತಿಳಿಯದು ಎಂದು. ನಡುನಡುವೆ ಯಂತ್ರ "ನಿಮ್ಮ ಉತ್ತರ ತಿಳಿಯಲಿಲ್ಲ" ಎನ್ನುತ್ತಿತ್ತು. ಅವರು "ನನಗೂ ಹಾಗೇ" ಎಂದು ಮುಂದುವರಿಸುತ್ತಿದ್ದರು. ಮೂರನೆಯ ಸಲ ಯಂತ್ರ ಕರೆ ಕತ್ತರಿಸಿತು. ಕಡತದಲ್ಲಿ ಬರೆದಿತ್ತು: ಉತ್ತರವಿಲ್ಲ.

ಕೆಲವು ಕರೆಗಳನ್ನು ನಾವೇ ಮತ್ತೆ ಮಾಡಿ ಪರೀಕ್ಷಿಸಲು ಅವಕಾಶವಿತ್ತು. ನಾನು ಆ ನಂಬರ್ ಒತ್ತಿದೆ. ಅವರೇ ಎತ್ತಿದರು. ಹಿಂದಿನ ಸಲದ ಕರೆ ಅರ್ಧಕ್ಕೆ ನಿಂತಿತ್ತು, ಅದಕ್ಕೇ ಮಾಡಿದೆ, ನೀವು ಯಾರಿಗೆ ಮತ ಹಾಕಬೇಕೆಂದಿದ್ದೀರಿ ಎಂದು ಕೇಳಿದೆ.

"ನೀವು ಆ ಮೆಷಿನ್ ಅಲ್ಲ ತಾನೇ?"

"ಅಲ್ಲ. ಮನುಷ್ಯಳೇ."

ನಾನು ಕಾದೆ.

"ಹಾಗಾದರೆ ಹೇಳಕ್ಕಾಗಲ್ಲಮ್ಮ" ಎಂದರು. "ಮತ ಅನ್ನೋದು ಗುಟ್ಟಿನ ವಿಷಯ."